ನಗುವಿಗೆ ಹೆದರಿ ಬಾಯಿ ಬಿಡದ ಮಕ್ಕಳು

ಹಳ್ಳಿಯ ಪ್ರೌಢಶಾಲೆಯ ಮಕ್ಕಳ ಇಂಗ್ಲಿಷ್ ಪಠ್ಯಪುಸ್ತಕ ತೆರೆದರೆ, ಎಷ್ಟೋ ಪುಟಗಳಲ್ಲಿ ಸಾಲುಗಳ ನಡುವೆ ಪೆನ್ಸಿಲಿನ ಕನ್ನಡ ಅಕ್ಷರಗಳು ಕಾಣುತ್ತವೆ. ಒಂದೊಂದು ಇಂಗ್ಲಿಷ್ ಪದದ ಮೇಲೂ ಅದರ ಉಚ್ಚಾರ. ಮೇಷ್ಟ್ರು ಎಬ್ಬಿಸಿ ಓದಲು ಹೇಳಿದಾಗ ಹುಡುಗಿ ಓದುವುದು ಆ ಕನ್ನಡವನ್ನೇ. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ. ತರಗತಿ ನಗದಿರಲಿ ಎಂದು ಆಕೆ ರಾತ್ರಿ ಕೂತು ಮಾಡಿಕೊಂಡ ತಯಾರಿ ಅದು.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದ ವಿದ್ಯಾರ್ಥಿಗಳ ಇಂಥದೇ ಅಳುಕನ್ನು ಎಲೈನ್ ಹಾರ್ವಿಟ್ಜ್ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಅದನ್ನು ಅಳೆಯುವ 33 ಹೇಳಿಕೆಗಳ ಪ್ರಶ್ನಾವಳಿಯನ್ನು 1986ರಲ್ಲಿ ಪ್ರಕಟಿಸಿದರು. ಮಾತಾಡುವ ಹಿಂಜರಿಕೆ, ಪರೀಕ್ಷೆಯ ಭಯ, ನಾಲ್ಕು ಜನ ಏನಂದುಕೊಳ್ಳುತ್ತಾರೋ ಎಂಬ ಆತಂಕ ಈ ಅಳುಕಿನಲ್ಲಿ ಬೆರೆತಿವೆ ಎಂದರು. ಸಹಪಾಠಿಗಳು ನಕ್ಕಾರೆಂಬ ಭಯವೂ ಆ ಪ್ರಶ್ನಾವಳಿಯಲ್ಲಿದೆ.

ನಮ್ಮ ಮಕ್ಕಳ ಮೇಲಿನ ಭಾರ ಇನ್ನೂ ಹೆಚ್ಚು. ಮನೆಯಲ್ಲಿ ಕೇಳೋಣವೆಂದರೆ ಎಷ್ಟೋ ಕಡೆ ಇಂಗ್ಲಿಷ್ ಓದಿದವರೇ ಇಲ್ಲ. ಎಸ್ಸೆಸ್ಸೆಲ್ಸಿ ದಾಟಿ ಪಿಯುಸಿ ವಿಜ್ಞಾನಕ್ಕೆ ಸೇರಿದರೆ, ಕನ್ನಡದಲ್ಲಿ ಚೆನ್ನಾಗಿ ಗೊತ್ತಿದ್ದ ಭೌತಶಾಸ್ತ್ರವೂ ಏಕಾಏಕಿ ಇಂಗ್ಲಿಷಿಗೆ ತಿರುಗುತ್ತದೆ.

2007ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೂ ಹತ್ತನೇ ತರಗತಿಯಲ್ಲಿ ಬಾಯಿ ಕಟ್ಟುವುದೇಕೆ? ಎಸ್ಸೆಸ್ಸೆಲ್ಸಿಯಲ್ಲಿ ಈ ಮಕ್ಕಳಿಗೆ ದ್ವಿತೀಯ ಭಾಷೆಯಾದ ಇಂಗ್ಲಿಷಿನ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ. ಪತ್ರ, ಪ್ರಬಂಧ, ಪದ್ಯದ ಸಾಲು ಎಲ್ಲವನ್ನೂ ಗೈಡ್ ನೋಡಿ ಉರು ಹೊಡೆಯಬಹುದು. ಒಂದು ಮಾತೂ ಆಡದೆ ಪಾಸಾಗಬಹುದು.

ಓದಿನ ಕತೆಯೂ ಬೇರೆಯಲ್ಲ. 2023ರ ‘ಅಸರ್’ ಶಿಕ್ಷಣ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ಪೈಕಿ ಸರಳ ಇಂಗ್ಲಿಷ್ ವಾಕ್ಯ ಓದಿದವರು ಶೇ 57.3. ಅವರಲ್ಲಿ ಅರ್ಥ ಹೇಳಿದವರು ಹತ್ತಿರ ಹತ್ತಿರ ಮುಕ್ಕಾಲು ಪಾಲು. ಅಂದರೆ ಒಟ್ಟು ಹತ್ತರಲ್ಲಿ ನಾಲ್ವರಿಗಷ್ಟೇ ಓದೂ ಅರ್ಥವೂ ಕೂಡಿಬಂದವು.

ದಾರಿ ಇಲ್ಲವೆಂದಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸುತ್ತ ಹೋದರೆ ತಲೆಗೆ ಒಂದು ನಿಮಿಷವೂ ಸಿಗುವುದಿಲ್ಲ, ಸಿಕ್ಕ ನಿಮಿಷವೂ ಎಲ್ಲರ ಕಣ್ಣೆದುರೇ. ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿದರೆ ಹತ್ತೇ ನಿಮಿಷದಲ್ಲಿ ಎಲ್ಲರೂ ಮಾತಾಡಿರುತ್ತಾರೆ. ತಪ್ಪಿದರೆ ಕೇಳಿಸುವುದು ಪಕ್ಕದ ಗೆಳತಿಗೆ ಮಾತ್ರ. ಅರ್ಥವನ್ನು ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿ, ಮಾತಿನ ನಡುವೆ ತಡೆದು ತಿದ್ದದೆ ಕೊನೆಗೆ ತಿದ್ದುವ ಶಿಕ್ಷಕರ ಮುಂದೆ ಮಕ್ಕಳು ಕೈ ಎತ್ತುತ್ತಾರೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ತರಬೇತಿ ಬೇಕು, ಮತ್ತು ಆಡುವ ಮಾತಿಗೂ ಪರೀಕ್ಷೆಯಲ್ಲಿ ತಕ್ಕಷ್ಟು ಅಂಕ ಬೇಕು.