ಆಟದ ಒಡೆತನ

ಮೈಸೂರು ನಗರಕ್ಕೂ ಆಟಗಳಿಗೂ ಇರುವ ನಂಟು ಬಹು ಹಳೆಯದು. 1831ರಲ್ಲಿ ರಾಜ್ಯದ ಆಡಳಿತವು ಬ್ರಿಟಿಷರ ವಶವಾದ ಬಳಿಕ ಮುಮ್ಮಡಿ ಕೃಷ್ಣರಾಜ ಒಡೆಯರು ಸಾಹಿತ್ಯ, ಸಂಗೀತ, ಚಿತ್ರಕಲೆಗಳಿಗೆ ಆಶ್ರಯ ನೀಡಿದರು. ಅವುಗಳೊಡನೆ ಆಟಗಳ ಅಭ್ಯಾಸದಲ್ಲಿಯೂ ಮಗ್ನರಾದರು. ಅವರ ಕಾಲದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಬೃಹದ್ಗ್ರಂಥವು ಒಂಬತ್ತು ನಿಧಿಗಳನ್ನು ಒಳಗೊಂಡಿದೆ. ಅವುಗಳಲ್ಲಿ ಕೌತುಕನಿಧಿಯು ಆಟಗಳ ಭಂಡಾರವೇ ಸರಿ. ಚದುರಂಗದ ಕುದುರೆಯು 64 ಮನೆಗಳಲ್ಲಿ ಪ್ರತಿಯೊಂದನ್ನೂ ಒಂದೊಂದೇ ಬಾರಿ ಮುಟ್ಟಿ ಸಾಗುವ ಬಗೆಯನ್ನು ಕುರಿತೂ ಅರಸರು ಆಳವಾಗಿ ಚಿಂತಿಸಿದರು. 1861ರಲ್ಲಿ ನಿರ್ಮಾಣವಾದ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿಯೂ ಆಟದ ಹಾಸುಗಳ ಚಿತ್ರಗಳಿವೆ.

ಅರಮನೆಯ ಆಟಗಳಂತೆಯೇ ಜನಸಾಮಾನ್ಯರ ಆಟಗಳೂ ಉಂಟು. ಚೌಕಾಬಾರ, ಪಗಡೆ, ಅಳಗುಳಿಮಣೆ, ಹುಲಿ-ಕುರಿ ಆಟ ಇವನ್ನು ಅರಿಯದ ಹಳೆಯ ಮನೆಗಳು ವಿರಳ. ಅಜ್ಜಿಯ ಕಾಲದ ಅಳಗುಳಿಮಣೆಯನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿ, ಗುಳಿಗಳಲ್ಲಿ ಹುಣಿಸೆ ಬೀಜಗಳನ್ನಿಟ್ಟರೆ ಆಟ ಸಿದ್ಧವಾಗುತ್ತದೆ. ಅದನ್ನು ಮಾಡಿದ ಬಡಗಿ ಇಂದು ಇಲ್ಲದಿರಬಹುದು. ಮಾರಿದ ಅಂಗಡಿ ಎಂದೋ ಮುಚ್ಚಿರಬಹುದು. ಆದರೂ ಮಣೆಯು ಮೊಮ್ಮಗಳ ಕೈಯಲ್ಲಿ ಮೊದಲಿನಂತೆಯೇ ಆಟವಾಗುತ್ತದೆ. ಆಡಲು ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಒಡೆತನವೆಂದರೆ ಇದೇ.

ಇಂದಿನ ಮಕ್ಕಳು ಹೆಚ್ಚಾಗಿ ಆಡುವುದು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ. ಮೊದಮೊದಲು ಈ ಆಟಗಳು ಫ್ಲಾಪಿಗಳಲ್ಲಿ, ಬಳಿಕ ಸಿ.ಡಿ.ಗಳಲ್ಲಿ ಮಾರಾಟವಾಗುತ್ತಿದ್ದವು. ಕೊಂಡವನು ಅವನ್ನು ಪುಸ್ತಕದಂತೆ ಕಪಾಟಿನಲ್ಲಿ ಇರಿಸಿಕೊಳ್ಳಬಹುದಾಗಿತ್ತು. ಅಂತರಜಾಲವು ವೇಗವಾದಂತೆ ಮಾರಾಟದ ರೀತಿಯೂ ಬದಲಾಯಿತು. ಅಮೆರಿಕದ ವಾಲ್ವ್ ಸಂಸ್ಥೆಯು 2003ರಲ್ಲಿ ‘ಸ್ಟೀಮ್’ ಎಂಬ ಸೇವೆಯನ್ನು ಆರಂಭಿಸಿತು; ಅದು ಮುಂದೆ ಅಂತರಜಾಲದ ದೊಡ್ಡ ಅಂಗಡಿಯಾಗಿ ಬೆಳೆಯಿತು. 2018ರಲ್ಲಿ ‘ಎಪಿಕ್’ ಸಂಸ್ಥೆಯ ಅಂಗಡಿಯೂ ತೆರೆಯಿತು. ಮೈಸೂರಿನ ಮನೆಯೊಂದರಲ್ಲಿ ಕುಳಿತು ಬೇರೆ ಖಂಡದಲ್ಲಿ ತಯಾರಾದ ಆಟವನ್ನು ಕ್ಷಣಮಾತ್ರದಲ್ಲಿ ಕೊಳ್ಳುವುದು ಸಾಧ್ಯವಾಯಿತು.

ಆದರೆ ಇಲ್ಲಿ ‘ಕೊಳ್ಳುವುದು’ ಎಂಬ ಮಾತಿನ ಅರ್ಥವನ್ನು ವಿಚಾರಿಸಬೇಕು. ಇಂಥ ಅಂಗಡಿಗಳಲ್ಲಿ ಹಣ ಕೊಟ್ಟವನಿಗೆ ಸಾಮಾನ್ಯವಾಗಿ ದೊರೆಯುವುದು ಆಟವನ್ನು ಬಳಸುವ ಪರವಾನಗಿ ಮಾತ್ರ. ಆ ಪರವಾನಗಿಯನ್ನು ಕಾಯಲು ಅನೇಕ ಆಟಗಳಿಗೆ ಒಂದು ಬಗೆಯ ಬೀಗವನ್ನು ಹಾಕಿರುತ್ತಾರೆ. ಇದಕ್ಕೆ ಡಿಜಿಟಲ್ ಹಕ್ಕು ನಿರ್ವಹಣೆ ಎಂದು ಹೆಸರು, ಸಂಕ್ಷೇಪವಾಗಿ ಡಿ.ಆರ್.ಎಂ. ಎನ್ನುತ್ತಾರೆ. ಆಟವನ್ನು ತೆರೆದಾಗ ಅದು ದೂರದ ಸರ್ವರನ್ನು ಸಂಪರ್ಕಿಸಿ, ಈ ಖಾತೆಗೆ ಆಡುವ ಹಕ್ಕು ಉಂಟೇ ಎಂದು ಕೇಳುತ್ತದೆ. ಉಂಟು ಎಂಬ ಉತ್ತರ ಬಂದರೆ ಆಟ ತೆರೆಯುತ್ತದೆ. ಕೆಲವು ಆಟಗಳು ಈ ಪ್ರಶ್ನೆಯನ್ನು ಒಮ್ಮೆ ಮಾತ್ರ ಕೇಳಿದರೆ, ಮತ್ತೆ ಕೆಲವು ಆಡುವಷ್ಟು ಹೊತ್ತೂ ಸಂಪರ್ಕವನ್ನು ಬಯಸುತ್ತವೆ. ಅಂದರೆ ಆಟವು ಆಡುವವನ ಮನೆಯಲ್ಲಿದ್ದರೂ ಕೀಲಿಕೈ ಮಾರಿದವನ ಬಳಿಯಲ್ಲಿಯೇ ಉಳಿಯುತ್ತದೆ.

ಈ ಬೀಗಕ್ಕೆ ಕಾರಣವಿಲ್ಲದೆ ಇಲ್ಲ. ಒಂದು ಆಟವನ್ನು ರಚಿಸಲು ಹತ್ತಾರು, ಕೆಲವೊಮ್ಮೆ ನೂರಾರು ಜನರು ವರ್ಷಗಟ್ಟಲೆ ದುಡಿಯುತ್ತಾರೆ. ಅದನ್ನು ಕದ್ದು ನಕಲು ಮಾಡಿದರೆ ಅವರ ಶ್ರಮದ ಫಲವು ಅವರಿಗೆ ದಕ್ಕುವುದಿಲ್ಲ. ಅಲ್ಲದೆ ದೊಡ್ಡ ಅಂಗಡಿಗಳಿಂದ ಅನುಕೂಲಗಳೂ ಹಲವು. ಕಂಪ್ಯೂಟರ್ ಕೆಟ್ಟುಹೋದರೂ ಖಾತೆಯಿಂದ ಆಟವನ್ನು ಮತ್ತೆ ಪಡೆಯಬಹುದು. ತಿದ್ದುಪಡಿಗಳು ತಾವಾಗಿಯೇ ಬರುತ್ತವೆ. ದೂರದ ಗೆಳೆಯರೊಡನೆ ಕೂಡಿ ಆಡಬಹುದು.

ಹಾಗಾದರೆ ತೊಂದರೆ ಯಾವುದು? ಕೀಲಿಕೈಯನ್ನು ಇಟ್ಟುಕೊಂಡವನು ಬಾಗಿಲನ್ನು ಮುಚ್ಚಿದಾಗ ಅದು ಅರಿವಿಗೆ ಬರುತ್ತದೆ. 2009ರಲ್ಲಿ ಅಮೆಜಾನ್ ಸಂಸ್ಥೆಯು ಹಕ್ಕಿನ ತಕರಾರಿನಿಂದಾಗಿ ಜಾರ್ಜ್ ಆರ್ವೆಲನ ಎರಡು ಕೃತಿಗಳ ಪ್ರತಿಗಳನ್ನು ಓದುಗರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿದ್ಯುನ್ಮಾನ ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಕೊಂಡ ಪುಸ್ತಕಗಳೂ ಮಾಯವಾದವು. ಎರಡು ಸಂದರ್ಭಗಳಲ್ಲಿಯೂ ಹಣವನ್ನು ಮರಳಿಸಲಾಯಿತು, ನಿಜ. ಆದರೆ ಪುಸ್ತಕಗಳು ಓದುಗರ ಬಳಿ ಉಳಿಯಲಿಲ್ಲ. 2014ರಲ್ಲಿ ಬಿಡುಗಡೆಯಾದ ‘ದಿ ಕ್ರೂ’ ಎಂಬ ಕಾರು ಪಂದ್ಯದ ಆಟವು ಸದಾ ಸರ್ವರಿನ ಸಂಪರ್ಕವನ್ನು ಬೇಡುತ್ತಿತ್ತು. ಅದನ್ನು ಹೊರತಂದ ಯುಬಿಸಾಫ್ಟ್ ಸಂಸ್ಥೆಯು 2024ರ ಮಾರ್ಚ್ 31ರಂದು ಸರ್ವರುಗಳನ್ನು ನಿಲ್ಲಿಸಿತು. ಅಂದಿನಿಂದ ಡಿಸ್ಕನ್ನು ಕೊಂಡು ಮನೆಯಲ್ಲಿ ಇಟ್ಟುಕೊಂಡವರಿಗೂ ಆ ಆಟವು ಇಲ್ಲವಾಯಿತು.

ಇದಕ್ಕೆ ಭಿನ್ನವಾದ ಮಾರ್ಗವೂ ಒಂದುಂಟು. 2008ರಲ್ಲಿ ಪೋಲೆಂಡ್ ದೇಶದಲ್ಲಿ ಆರಂಭವಾದ ‘ಗಾಗ್’ ಎಂಬ ಅಂಗಡಿಯು ಬೀಗವಿಲ್ಲದ ಆಟಗಳನ್ನು ಮಾರುವುದನ್ನೇ ತನ್ನ ನಿಯಮವಾಗಿ ಮಾಡಿಕೊಂಡಿತು. ಇಲ್ಲಿ ಕೊಂಡವನು ಆಟದ ಪೂರ್ಣ ಕಡತವನ್ನು ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಕಾಪಾಡಿಕೊಳ್ಳಬಹುದು. ಮುಂದೆ ಅಂತರಜಾಲವಿಲ್ಲದಿದ್ದರೂ, ಅಂಗಡಿಯೇ ಇಲ್ಲವಾದರೂ, ಒಬ್ಬನೇ ಆಡುವ ಆಟಗಳನ್ನು ಆ ಕಡತದಿಂದಲೇ ಅಳವಡಿಸಿ ಆಡಬಹುದು. ಸ್ಟೀಮ್ ಅಂಗಡಿಯಲ್ಲಿಯೂ ಬೀಗವಿಲ್ಲದ ಕೆಲವು ಆಟಗಳು ದೊರೆಯುತ್ತವೆ. ಆದುದರಿಂದ ಅಂಗಡಿಯ ಹೆಸರಿನಿಂದಲೇ ಎಲ್ಲವನ್ನೂ ನಿರ್ಣಯಿಸಲಾಗದು.

ಬೀಗವಿಲ್ಲವೆಂದ ಮಾತ್ರಕ್ಕೆ ನಕಲು ಮಾಡಿ ಹಂಚಲು ಅನುಮತಿ ಇದೆಯೆಂದು ಭಾವಿಸಬಾರದು. ಕೃತಿಯ ಮೇಲಿನ ಹಕ್ಕು ರಚಿಸಿದವರದೇ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಅದನ್ನು ರಕ್ಷಿಸುತ್ತದೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿಯುವುದು 2012ರ ತಿದ್ದುಪಡಿಯ ಮೇರೆಗೆ ಶಿಕ್ಷಾರ್ಹ ಅಪರಾಧವೂ ಹೌದು. ಬೀಗವಿಲ್ಲದೆ ಮಾರುವವನು ಕೊಳ್ಳುವವನನ್ನು ನಂಬುತ್ತಾನೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಕೊಳ್ಳುವವನ ಧರ್ಮ.

ಕೈಯಲ್ಲಿ ಉಳಿದ ಪ್ರತಿಯ ಬೆಲೆ ಎಂಥದೆಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ವಿದ್ವಾಂಸರು ಬಲ್ಲವರಾಗಿದ್ದರೂ ಅದರ ಪೂರ್ಣ ಪಾಠವು ಕಳೆದುಹೋಯಿತೆಂದೇ ತಿಳಿದಿದ್ದರು. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ತಾಳೆಯೋಲೆಯ ಕಟ್ಟೊಂದರಲ್ಲಿ ಅದು ಇರುವುದನ್ನು ರುದ್ರಪಟ್ಟಣ ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು; 1909ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಯಾವುದೋ ಮನೆಯಲ್ಲಿ ಯಾರೋ ಓಲೆಯನ್ನು ಕಾಪಾಡಿದರು, ಸವೆದುದನ್ನು ಮತ್ತೆ ಬರೆದರು. ಓದಲು ದೂರದ ಯಾರದೋ ಅಪ್ಪಣೆ ಬೇಕಾಗಿದ್ದು, ಅಪ್ಪಣೆ ಕೊಡುವವನು ಮರೆಯಾಗಿದ್ದರೆ ಆ ಓಲೆಯ ಕಟ್ಟು ಬರಿಯ ಸೌದೆಯಾಗುತ್ತಿತ್ತು. ಆಟಗಳೂ ಒಂದು ಕಾಲದ ಕಲೆ, ಕಥೆ, ಗಣಿತಗಳನ್ನು ಹೊತ್ತ ಕೃತಿಗಳೇ. ಅವು ಮುಂದಿನ ಪೀಳಿಗೆಗೆ ಉಳಿಯಬೇಕಾದರೆ ಹಲವರ ಕೈಗಳಲ್ಲಿ ತೆರೆಯಬಲ್ಲ ಪ್ರತಿಗಳು ಇರಬೇಕು.

ಈ ವಿಚಾರವು ಈಗ ಕಾನೂನಿನ ಗಮನಕ್ಕೂ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2024ರಲ್ಲಿ ಒಂದು ಶಾಸನವನ್ನು ಅಂಗೀಕರಿಸಿತು. ಅದು 2025ರ ಜನವರಿ 1ರಿಂದ ಜಾರಿಗೆ ಬಂದಿತು. ಮಾರುತ್ತಿರುವುದು ಪರವಾನಗಿ ಮಾತ್ರವಾಗಿದ್ದರೆ ಅದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿರಿ’ ಎಂಬ ಮಾತನ್ನು ಬಳಸಬಾರದೆಂದು ಅದು ವಿಧಿಸುತ್ತದೆ. ಇಳಿಸಿಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ವಸ್ತುಗಳಿಗೆ ಈ ನಿರ್ಬಂಧವಿಲ್ಲ.

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವವನು ಅದನ್ನು ತಟ್ಟಿ ನೋಡುತ್ತಾನೆ. ಆಟವನ್ನು ಕೊಳ್ಳುವವನೂ ಬೆಲೆಯೊಂದನ್ನೇ ನೋಡದೆ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅಂತರಜಾಲವಿಲ್ಲದೆ ಇದು ನಡೆಯುವುದೇ? ಇದರ ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳಬಹುದೇ? ಅಂಗಡಿ ಮುಚ್ಚಿದರೆ ಗತಿಯೇನು? ಗೆಳೆಯರೊಡನೆ ನಾಲ್ಕು ದಿನ ಆಡಿ ಬಿಡುವ ಆಟಕ್ಕೆ ಪರವಾನಗಿಯೇ ಸಾಕಾಗಬಹುದು. ಬಾಡಿಗೆಯ ಸೈಕಲ್ಲಿನಿಂದಲೂ ಊರು ಸುತ್ತಬಹುದಲ್ಲವೇ? ಆದರೆ ಬಾಡಿಗೆಯನ್ನು ಬಾಡಿಗೆಯೆಂದು ತಿಳಿದೇ ಕೊಡಬೇಕು. ಬಹುಕಾಲ ಉಳಿಯಲೆಂದು ಬಯಸುವ ಆಟವನ್ನು ಬೀಗವಿಲ್ಲದೆ ಕೊಳ್ಳುವುದು, ಕೊಂಡ ಮೇಲೆ ಅದರ ಪ್ರತಿಯನ್ನು ಜೋಪಾನ ಮಾಡುವುದು ವಿವೇಕ. ಹಾಗೆ ಕಾಪಾಡಿದ ಆಟವು ಅಟ್ಟದ ಮೇಲಿನ ಅಳಗುಳಿಮಣೆಯಂತೆ ಮುಂದಿನವರ ಕೈಗೂ ದಾಟಬಲ್ಲದು.