ನಿಮಗಿದು ಗೊತ್ತೇ? ಊರ ಸಂಘಕ್ಕೆ ದೇಣಿಗೆಯ ದಾರಿಗಳು

ಹೂವಿನ ಹಿಪ್ಪರಗಿಯಂಥ ಊರುಗಳಲ್ಲಿ ಯುವಕ ಸಂಘ, ಮಹಿಳಾ ಮಂಡಳ, ವಾಚನಾಲಯ ಏನೇ ಕಟ್ಟಿದರೂ ಮೊದಲು ನೆನಪಾಗುವುದು ಮನೆ ಮನೆಗೆ ಹೋಗಿ ಪಟ್ಟಿ ಎತ್ತುವುದು. ಅದು ಬೇಕೇ ಬೇಕು, ಆದರೆ ಅದೊಂದೇ ದಾರಿಯಲ್ಲ. ನಮ್ಮ ಸೀಮೆಯ ದಾನಗಳ ಇತಿಹಾಸ, ಇಂದಿನ ಕಾಯ್ದೆ ತೆರೆದಿಟ್ಟ ಅವಕಾಶ ಎರಡೂ ಇಲ್ಲಿವೆ.

● ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರಲ್ಲೇ ದಾನದಿಂದ ನಡೆಯುತ್ತಿದ್ದ ವಿದ್ಯಾಲಯವೊಂದಿತ್ತು. ಅದನ್ನು ಕಟ್ಟಿಸಿದವನು ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ. ಬೇರೆ ಬೇರೆ ನಾಡುಗಳಿಂದ ಬರುತ್ತಿದ್ದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು. ದೀಪದ ಖರ್ಚಿಗೂ ಭೂಮಿ ಬಿಟ್ಟಿದ್ದರು.

● ಮಂತ್ರಿ ಕೊಟ್ಟನೆಂದು ಊರವರು ಕೈಕಟ್ಟಿ ಕೂರಲಿಲ್ಲ. ಊರಿನ ಬ್ರಾಹ್ಮಣ ಮನೆತನಗಳು ಮದುವೆಗೆ 5, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ‘ಪುಷ್ಪ’ ಎಂಬ ನಾಣ್ಯವನ್ನು ವಿದ್ಯಾಲಯಕ್ಕೆ ಕೊಡಬೇಕೆಂದು ಗೊತ್ತುಮಾಡಿಕೊಂಡರು. ಮಾತಿನಲ್ಲಿ ಬಿಡದೆ ಕಲ್ಲಿನ ಮೇಲೆ ಬರೆಸಿದರು. ಹಾಗಾಗಿಯೇ ಸಾವಿರ ವರ್ಷ ದಾಟಿದ ಮೇಲೂ ಆ ಲೆಕ್ಕ ನಮಗೆ ಸಿಗುತ್ತದೆ.

● ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ನೆಲ. ದುಡಿದು ಗಳಿಸಿದ್ದರಲ್ಲಿ ಸಮಾಜದ ಪಾಲನ್ನು ‘ನಾನು ಕೊಟ್ಟೆ’ ಎಂಬ ಅಹಂಕಾರವಿಲ್ಲದೆ ಸಲ್ಲಿಸುವ ದಾಸೋಹವನ್ನು 12ನೆಯ ಶತಮಾನದ ಶರಣರು ಬದುಕಿನ ನಿಯಮವಾಗಿ ಮಾಡಿಕೊಂಡರು.

● ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆ ಹುಟ್ಟಿದ್ದು 1910ರಲ್ಲಿ, ವಕೀಲರಾಗಿದ್ದ ಫ.ಗು. ಹಳಕಟ್ಟಿಯವರಿಂದ. ಮುಂದೆ ವಚನ ಸಾಹಿತ್ಯ ಅಚ್ಚು ಹಾಕಲು ಮುದ್ರಣಾಲಯ ಬೇಕಾದಾಗ ಅವರು ಸ್ವಂತ ಮನೆಯನ್ನೇ ಮಾರಿದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆಯಿತು.

● ಅದೇ ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸಿದರು. ಸಮಾಜಸೇವೆಗೆ ಮನಸ್ಸಿನಷ್ಟೇ ಹಣಕಾಸಿನ ಶಿಸ್ತೂ ಬೇಕೆಂಬುದು ಅವರಿಗೆ ತಿಳಿದಿತ್ತು.

● ಸವದತ್ತಿ ತಾಲ್ಲೂಕಿನ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೃತ್ಯುಪತ್ರ ಬರೆದು 1906ರಲ್ಲಿ ತೀರಿಕೊಂಡರು. ಅವರ ಹೆಸರಿನ ಟ್ರಸ್ಟ್ ಎಷ್ಟೋ ಬಡ ವಿದ್ಯಾರ್ಥಿಗಳಿಗೆ ಆಸರೆಯಾಯಿತು. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು.

● ಒಂದು ಊರಿನ ದಾನಿಗಳ ಹಣವನ್ನೆಲ್ಲ ಒಂದೇ ನಿಧಿಯಲ್ಲಿ ಕೂಡಿಟ್ಟು, ಬಂದ ಆದಾಯವನ್ನು ಅದೇ ಊರಿನ ಸಂಸ್ಥೆಗಳಿಗೆ ಹಂಚುವ ‘ಸಮುದಾಯ ಪ್ರತಿಷ್ಠಾನ’ದ ಪದ್ಧತಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1914ರಲ್ಲಿ ಆರಂಭವಾಯಿತು.

● ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಸಿ.ಎಸ್.ಆರ್. ನಿಯಮ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ಲಾಭ, ಈ ಮೂರರಲ್ಲಿ ಯಾವುದೊಂದನ್ನು ಮುಟ್ಟಿದರೂ ಕಂಪನಿ ಇದರ ವ್ಯಾಪ್ತಿಗೆ ಬರುತ್ತದೆ.

● ಕಂಪನಿ ಎಲ್ಲಿ ಕೆಲಸ ಮಾಡುತ್ತದೆಯೋ ಆ ಪ್ರದೇಶಕ್ಕೆ, ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ನಮ್ಮ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್.ಟಿ.ಪಿ.ಸಿ.ಯ 2,400 ಮೆಗಾವಾಟ್ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಸುತ್ತಲಿನ ಊರುಗಳು ಶಾಲೆ, ನೀರು, ಆರೋಗ್ಯದ ಯೋಜನೆ ಹಿಡಿದು ಕೇಳಲು ಹೋದರೆ ಅದಕ್ಕೆ ಕಾಯ್ದೆಯ ಬೆಂಬಲವಿದೆ.

● ಸಾರ್ವಜನಿಕ ಗ್ರಂಥಾಲಯ, ಸಾಂಪ್ರದಾಯಿಕ ಕಲೆ, ಕರಕುಶಲ ಕಲೆ, ಗ್ರಾಮೀಣ ಕ್ರೀಡೆಯ ತರಬೇತಿ ಇವೆಲ್ಲ ಸಿ.ಎಸ್.ಆರ್. ಪಟ್ಟಿಯಲ್ಲಿವೆ. ವಾಚನಾಲಯಕ್ಕೂ ಕೇಳಬಹುದು, ಕುಸ್ತಿ ಗರಡಿಗೂ ಕೇಳಬಹುದು. ರಾಜಕೀಯ ಪಕ್ಷಕ್ಕೆ ಕೊಟ್ಟದ್ದು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

● ಹೊರಗಿನ ಸಂಸ್ಥೆಯೊಂದು ಸಿ.ಎಸ್.ಆರ್. ಹಣದಲ್ಲಿ ಕೆಲಸ ಮಾಡಬೇಕಾದರೆ ಅಂಥದ್ದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಬೇಕು. ಜೊತೆಗೆ 12ಎ, 80ಜಿ ಎಂದು ಎಲ್ಲರಿಗೂ ಪರಿಚಿತವಾದ ಆದಾಯ ತೆರಿಗೆ ನೋಂದಣಿ, ಸಿ.ಎಸ್.ಆರ್.-1 ನಮೂನೆಯ ನೋಂದಣಿ ಸಂಖ್ಯೆಯೂ ಬೇಕು. ಎಷ್ಟೋ ಒಳ್ಳೆಯ ಸಂಘಗಳು ಹಿಂದೆ ಬೀಳುವುದು ಕೆಲಸದಲ್ಲಿ ಅಲ್ಲ, ಈ ಕಾಗದಪತ್ರದಲ್ಲಿ.

● ಸಂಘ ಕಟ್ಟಲು ನೂರಾರು ಜನ ಬೇಕಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ 7 ಮಂದಿ ಸೇರಿದರೆ ಸಾಕು.

● ನೀತಿ ಆಯೋಗದ ‘ದರ್ಪಣ್’ ಜಾಲತಾಣದಲ್ಲಿ ಸ್ವಯಂಸೇವಾ ಸಂಸ್ಥೆಗಳು ಉಚಿತವಾಗಿ ನೋಂದಾಯಿಸಿಕೊಂಡು ಗುರುತಿನ ಸಂಖ್ಯೆ ಪಡೆಯಬಹುದು. ಕೇಂದ್ರದ ಎಷ್ಟೋ ಅನುದಾನಗಳಿಗೆ ಮೊದಲು ಕೇಳುವುದೇ ಈ ಸಂಖ್ಯೆಯನ್ನು.

● 2,000 ರೂಪಾಯಿ ಮೀರಿ ನಗದಾಗಿ ಕೊಟ್ಟ ದೇಣಿಗೆಗೆ 80ಜಿ ತೆರಿಗೆ ರಿಯಾಯಿತಿ ಇಲ್ಲ. ಚೆಕ್ ಅಥವಾ ಆನ್‌ಲೈನ್ ಪಾವತಿಯೇ ದಾನಿಗೂ ಸಂಘಕ್ಕೂ ಒಳ್ಳೆಯದು.

● ದಾನಿಯ ಹೆಸರು, ವಿಳಾಸ ಬರೆದಿಡದ ದೇಣಿಗೆ ಒಂದು ಮಿತಿ ಮೀರಿದರೆ ಅದರ ಮೇಲೆ ಶೇ 30 ತೆರಿಗೆ ಬೀಳುತ್ತದೆ. ಕೇವಲ ಧಾರ್ಮಿಕ ಉದ್ದೇಶದ ಸಂಸ್ಥೆಗಳಿಗೆ ಇದರಿಂದ ವಿನಾಯಿತಿ ಇದೆ. ಹೀಗಾಗಿ ಪಾವತಿ ಪುಸ್ತಕದಲ್ಲಿ ‘ಒಬ್ಬ ಭಕ್ತರು’ ಎಂದು ಬರೆದು ಮುಗಿಸಬೇಡಿ.

● ದುಬೈನಲ್ಲೋ ಅಮೆರಿಕದಲ್ಲೋ ಇರುವ ನಮ್ಮೂರ ಹುಡುಗ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ‘ವಿದೇಶಿ ದೇಣಿಗೆ’ಯಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ವಿದೇಶಿ ದೇಣಿಗೆ ಕಾಯ್ದೆ ಅನ್ವಯಿಸುತ್ತದೆ. ಅಂಥ ಹಣ ಪಡೆಯಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಆ ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ.

● ಸೇವಾ ಸಂಸ್ಥೆಗಳಿಗಾಗಿಯೇ ನಮ್ಮ ದೇಶದಲ್ಲಿ ‘ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್’ ಇದೆ. 2023ರ ಡಿಸೆಂಬರಿನಲ್ಲಿ ಅದರಲ್ಲಿ ಮೊಟ್ಟಮೊದಲು ಪಟ್ಟಿಗೆ ಸೇರಿದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್. ಇಲ್ಲಿ ಹಣ ಹಾಕಿದವರಿಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸಿಲ್ಲ. ಆದರೆ ಆದ ಕೆಲಸದ ವರದಿ ಬರಲೇಬೇಕು.

● ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ ಸಿಗುವಂತಾದದ್ದು 2024ರಲ್ಲಿ ರಾಜ್ಯ ಸರ್ಕಾರದೊಂದಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮಾಡಿಕೊಂಡ ಒಪ್ಪಂದದಿಂದ. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ನೆರವು ಅದು.

● ನೋಂದಣಿ ಪತ್ರ, ಸಭೆಯ ನಡಾವಳಿ ಪುಸ್ತಕ, ಪಾವತಿ ಪುಸ್ತಕ, ಸಂಘದ ಹೆಸರಿನ ಬ್ಯಾಂಕ್ ಖಾತೆ, ವರ್ಷ ವರ್ಷದ ಆಡಿಟ್ ವರದಿ: ಅರ್ಜಿ ಹಾಕುವ ಮೊದಲು ಸಂಘದ ಕೈಯಲ್ಲಿರಬೇಕಾದ ಐದು ದಾಖಲೆಗಳಿವು. ವರ್ಷಕ್ಕೊಮ್ಮೆ ಊರವರೆದುರು ಜಮಾ ಖರ್ಚು ಓದಿ ಹೇಳಿ. ಹತ್ತು ರೂಪಾಯಿಗೂ ಲೆಕ್ಕ ಕೊಡುವ ಸಂಘವನ್ನು ನಂಬಿ ಹತ್ತು ಲಕ್ಷ ಕೊಡುವವರು ಖಂಡಿತ ಇದ್ದಾರೆ.