ಕಡಲಾಚೆಯ ದಿಬ್ಬಣ

ಸ್ವದೇಶಾಭಿಮಾನವನ್ನು ಸಾರುವುದೇ ವ್ರತವೆಂದು ತಿಳಿದ ಪತ್ರಿಕೆಯೊಂದು ಅಮೆರಿಕದ ಒಂದು ಬ್ಯಾಂಡಿನ ವಿಷಯವಾಗಿ ಇಷ್ಟು ಸ್ಥಳವನ್ನು ವ್ಯಯಮಾಡಬಹುದೆ ಎಂದು ನಮ್ಮ ಓದುಗರಲ್ಲಿ ಕೆಲವರು ಆಕ್ಷೇಪಿಸಬಹುದು. ಆ ಬ್ಯಾಂಡಿನ ಹೆಸರಿನ ಅರ್ಧಭಾಗ ನಮ್ಮ ದೇಶದ್ದು. ಅದರ ಎದೆಬಡಿತ ನಮ್ಮ ದೇಶದ್ದು. ಅದರಿಂದ ನಾವು ಕಲಿಯತಕ್ಕ ಪಾಠವಂತೂ ಸಂಪೂರ್ಣವಾಗಿ ನಮ್ಮ ದೇಶಕ್ಕೆ ಸಂಬಂಧಿಸಿದುದು. ಆದಕಾರಣ ಈ ಪ್ರಸ್ತಾಪವು ಅಪ್ರಕೃತವಲ್ಲ.

ನ್ಯೂಯಾರ್ಕು ನಗರದ ಬ್ರೂಕ್ಲಿನ್ ಭಾಗದಲ್ಲಿ 2008ನೆಯ ಇಸವಿಯಲ್ಲಿ ಹುಟ್ಟಿದ ಈ ಮೇಳದ ಹೆಸರು 'ರೆಡ್ ಬರಾತ್'. ಬರಾತ್ ಎಂದರೆ ಉತ್ತರ ದೇಶದವರು ಮದುವಣಿಗನನ್ನು ಕರೆದೊಯ್ಯುವ ಮೆರವಣಿಗೆ. ನಮ್ಮ ಮಾತಿನಲ್ಲಿ ದಿಬ್ಬಣ. ಮೇಳವನ್ನು ಕಟ್ಟಿದವರು ಸನ್ನಿ ಜೈನ್ ಎಂಬುವರು. ಪಂಜಾಬಿನಿಂದ ವಲಸೆ ಹೋದ ಕುಟುಂಬದ ಮಗನಾಗಿ ಅಮೆರಿಕದಲ್ಲಿಯೇ ಹುಟ್ಟಿ ಬೆಳೆದ ಇವರು ಜಾಜ್ ಸಂಗೀತದ ತಾಳವಾದ್ಯವನ್ನು ಕಲಿತು, ಬಳಿಕ ಪಂಜಾಬಿನ ಢೋಲನ್ನು ಹೆಗಲಿಗೆ ಹಾಕಿಕೊಂಡವರು. ಮೇಳದ ಮೊದಲನೆಯ ಧ್ವನಿಮುದ್ರಿಕೆ 2010ರಲ್ಲಿ ಹೊರಬಂದಿತು. ಒಬಾಮಾ ಅವರು ಅಧ್ಯಕ್ಷರಾಗಿದ್ದ ಕಾಲದಲ್ಲಿ ಶ್ವೇತಭವನದಲ್ಲಿಯೂ ಇವರ ವಾದ್ಯ ಮೊಳಗಿತು.

ಈ ಮೇಳವನ್ನು ಎದುರಿಗೆ ನಿಂತು ಕೇಳುವ ಅವಕಾಶ ನಮಗೆ ಒದಗಿತು. 'ನಿಂತು' ಎಂದುದಕ್ಕೆ ಕಾರಣವುಂಟು. ಅಲ್ಲಿ ಕುಳಿತು ಕೇಳುವವರು ಯಾರೂ ಇರಲಿಲ್ಲ. ಸಭಾಂಗಣ ಕಿಕ್ಕಿರಿದಿತ್ತು, ಪ್ರಾರಂಭವಾಗಿ ಅರ್ಧ ಗಳಿಗೆ ಕಳೆಯುವುದರೊಳಗಾಗಿ ಬಿಳಿಯರು, ಕರಿಯರು, ನಮ್ಮವರು ಎಂಬ ಭೇದವಿಲ್ಲದೆ ಸಭೆಯೆಲ್ಲವೂ ಕುಣಿಯತೊಡಗಿತ್ತು. ನಡುವೆ ಢೋಲು: ಬಲದ ಕೈಯಲ್ಲಿ ತೆಳುವಾದ ಕಡ್ಡಿ, ಎಡದ ಕೈಯಲ್ಲಿ ದಪ್ಪನೆಯ ಬಾಗಿದ ಕೋಲು; ಒಂದು ಚಟಪಟನೆ ಸಿಡಿಯುತ್ತಿದ್ದರೆ ಇನ್ನೊಂದು ನೆಲವನ್ನು ನಡುಗಿಸುತ್ತಿತ್ತು. ಪಕ್ಕದಲ್ಲಿ ಕಹಳೆಗಳು, ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆದು ಸ್ವರ ಹೊರಡಿಸುವ ಟ್ರಾಂಬೋನು, ಸ್ಯಾಕ್ಸೊಫೋನು. ಎಲ್ಲಕ್ಕಿಂತಲೂ ಹಿಂದೆ, ಹೆಬ್ಬಾವಿನಂತೆ ಮೈಗೆ ಸುತ್ತಿಕೊಂಡ ಸೂಸಫೋನು. ನಮ್ಮ ಕಛೇರಿಗಳಲ್ಲಿ ಶ್ರುತಿ ಮಾಡುವ ಕೆಲಸಕ್ಕೆ ಸಮೀಪವಾದುದನ್ನು ಆ ಮಹಾವಾದ್ಯ ಅಲ್ಲಿ ಮಾಡುತ್ತಿತ್ತು. ಅದರ ಗಂಭೀರವಾದ ಗುಡುಗಿನ ಮೇಲೆ ಉಳಿದವರೆಲ್ಲರೂ ನಿರ್ಭಯವಾಗಿ ಓಡಾಡುತ್ತಿದ್ದರು. ಭಾಂಗ್ಡಾ ಕುಣಿತದ 'ಚಾಲ್' ಎಂಬ ಎಂಟೆಣಿಕೆಯ ತೂಗುನಡೆ ಹಿಡಿದ ಮೇಲೆ ಐವತ್ತು ದಾಟಿದ ನಮ್ಮ ಕಾಲುಗಳೂ ಸಂಪಾದಕೀಯ ಗಾಂಭೀರ್ಯವನ್ನು ಲೆಕ್ಕಿಸಲಿಲ್ಲವೆಂಬುದನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಈ ಉತ್ಸಾಹವು ಕೇವಲ ಗದ್ದಲವಾಗಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಅದರ ಹಿಂದೆ ಎರಡು ಜನಾಂಗಗಳ ಚರಿತ್ರೆಯುಂಟು. ಹಿತ್ತಾಳೆಯ ಬ್ಯಾಂಡು ಭಾರತಕ್ಕೆ ಬಂದುದು ಕಂಪೆನಿ ಸರಕಾರದ ಸೈನ್ಯಗಳೊಡನೆ. ಅದು ವಿಜೇತರ ವಾದ್ಯ. ಅದರ ಧ್ವನಿಯೇ ನಮ್ಮ ದಾಸ್ಯದ ಡಂಗುರ. ಕ್ರಮೇಣ ರಾಜರು ಅದನ್ನು ಆಸ್ಥಾನಕ್ಕೆ ತಂದರು. ಬಳಿಕ ಸಾಮಾನ್ಯರು ಅದನ್ನು ಮದುವೆಯ ಬೀದಿಗೆ ತಂದರು. ದಂಡಿನ ಸಮವಸ್ತ್ರವನ್ನೇ ಜರತಾರಿಯಿಂದ ಅಲಂಕರಿಸಿಕೊಂಡು, ದಂಡಿನ ಕಹಳೆಯಲ್ಲಿಯೇ ನಾಡಿನ ಹಾಡುಗಳನ್ನು ಊದಿ, ನಮ್ಮ ವಾದ್ಯಗಾರರು ಯಾವ ಭಾಷಣವೂ ಇಲ್ಲದೆ ಶತ್ರುವಿನ ಆಯುಧವನ್ನು ಸೆರೆಹಿಡಿದರು. ಮೀರತ್ ನಗರದಲ್ಲಿ 1885ರಲ್ಲಿ ಸ್ಥಾಪಿತವಾದ ನಾದಿರ್ ಅಲಿ ಕಂಪೆನಿಯೇ ಮೊದಲಾದವು ಈ ವಾದ್ಯಗಳನ್ನು ಸ್ವದೇಶದಲ್ಲಿಯೇ ತಯಾರಿಸತೊಡಗಿದವು. 1857ರ ಸಂಗ್ರಾಮದ ಕಿಡಿ ಹಾರಿದ ಊರೇ ಕಹಳೆಗಳ ಕಮ್ಮಟವಾಯಿತೆಂಬುದು ವಿಧಿಯ ವಿನೋದವಲ್ಲವೆ?

ಅಮೆರಿಕದ ದಕ್ಷಿಣಭಾಗದ ನ್ಯೂ ಆರ್ಲಿಯನ್ಸ್ ನಗರದಲ್ಲಿಯೂ ನಡೆದುದು ಇದೇ. ಗುಲಾಮಗಿರಿಯ ನೊಗವನ್ನು ಹೊತ್ತಿದ್ದ ನೀಗ್ರೋ ಜನರ ಸಂತತಿಯವರು ದಂಡಿನ ಬ್ಯಾಂಡಿನ ವಾದ್ಯಗಳನ್ನೇ ಕೈಗೆ ತೆಗೆದುಕೊಂಡು, ಶವಯಾತ್ರೆಯಲ್ಲಿ ಶೋಕವನ್ನೂ ಮರಳುವ ದಾರಿಯಲ್ಲಿ ಉಲ್ಲಾಸವನ್ನೂ ನುಡಿಸಿದರು. ಜಾಜ್ ಸಂಗೀತವು ಬೆಳೆದ ಬೀದಿಗಳು ಅವು. ಬ್ರೂಕ್ಲಿನ್ನಿನ ಈ ಮೇಳದಲ್ಲಿ ಎರಡು ಮೆರವಣಿಗೆಗಳು, ಒಂದು ಮದುವೆಯದು, ಇನ್ನೊಂದು ಮರಣದ್ದು, ಸಂಗಮಿಸಿವೆ. ಎರಡನ್ನೂ ಕಟ್ಟಿದವರು ಪರಾಧೀನರು. ಎರಡರಲ್ಲಿಯೂ ಕೇಳಿಬರುವುದು ಸ್ವಾತಂತ್ರ್ಯದ ಧ್ವನಿ. ಅಲ್ಲಿ ಕುಣಿದವರಲ್ಲಿ ಎಷ್ಟು ಮಂದಿ ಇದನ್ನು ಅರಿತಿದ್ದರೋ ಹೇಳಲಾರೆವು. ಅವರ ಕಾಲುಗಳು ಅರಿತಿದ್ದುವು.

ಇಂಥ ಸಾಹಸ ಕನ್ನಡ ನಾಡಿಗೆ ಹೊಸದಲ್ಲ. ಪಿಟೀಲು ಪರದೇಶದಿಂದ ಬಂದು ಕರ್ಣಾಟಕ ಸಂಗೀತದ ಮನೆಮಗಳಾದುದು ಎಲ್ಲರೂ ಬಲ್ಲ ಸಂಗತಿ. ಮೈಸೂರು ಅರಮನೆಯ ವಾದ್ಯವೃಂದದವರು ಪಾಶ್ಚಾತ್ಯ ವಾದ್ಯಗಳಲ್ಲಿ ಕೀರ್ತನೆಗಳನ್ನು ನುಡಿಸಿದರು. ಆ ಪರಂಪರೆ ಇಂದು ರಾಜ್ಯದ ಪೊಲೀಸ್ ಬ್ಯಾಂಡಿನಲ್ಲಿ ಉಳಿದು, ದಸರೆಯ ದಿನಗಳಲ್ಲಿ ನಮ್ಮ ಕಿವಿಗಳನ್ನು ತಣಿಸುತ್ತಿದೆ. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ನಾದವನ್ನು ಕೇಳಿ ಮರುಳಾದ ದಕ್ಷಿಣ ಕನ್ನಡದ ಒಬ್ಬ ಹುಡುಗ, ನಾಗಸ್ವರ ವಾದಕರ ಮಗ, ದೀರ್ಘಕಾಲದ ಸಾಧನೆಯಿಂದ ಅದರಲ್ಲಿ ಗಮಕಗಳನ್ನು ಒಲಿಸಿಕೊಂಡನು. ಅವರೇ 2019ರಲ್ಲಿ ಕಾಲವಶರಾದ ಕದ್ರಿ ಗೋಪಾಲನಾಥರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಅವರ ವಾದನ ನಡೆಯಿತು. 2008ರಲ್ಲಿ ಭಾರತೀಯ ವಂಶದ ಅಮೆರಿಕನ್ ಜಾಜ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆ ಹೊರಬಂದಿತು. ಬೆಲ್ಜಿಯಂ ದೇಶದವನು ನಿರ್ಮಿಸಿದ ವಾದ್ಯವನ್ನು ಪಾಶ್ಚಾತ್ಯರು ಕನ್ನಡಿಗನ ಕೈಯಲ್ಲಿ ಹೊಸದಾಗಿ ಕೇಳಿದರು. ಸ್ವದೇಶಿ ಎಂಬುದು ವಸ್ತುವು ಹುಟ್ಟಿದ ಸ್ಥಳದಲ್ಲಿಲ್ಲ. ಅದನ್ನು ಆಳುವ ಮನಸ್ಸಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟಾದ ಮೇಲೆ ನಮ್ಮ ಮನೆಯ ಕಡೆಗೆ ತಿರುಗಿ ನೋಡಿದರೆ ತಲೆ ತಗ್ಗಿಸಬೇಕಾಗುತ್ತದೆ. ಕಡಲಾಚೆ ದಿಬ್ಬಣದ ಬ್ಯಾಂಡಿಗೆ ಟಿಕೀಟು ಕೊಂಡು ಜನ ಸೇರುತ್ತಾರೆ. ಇಲ್ಲಿ ಅದೇ ಬ್ಯಾಂಡಿನವನಿಗೆ ಊಟದ ಪಂಕ್ತಿಯಲ್ಲಿ ಕಡೆಯ ಎಲೆ. ಮುಹೂರ್ತಕ್ಕೆ ಅವನ ನಾದ ಬೇಕು. ಮುಗಿದೊಡನೆ ಅವನ ಕೂಲಿಯಲ್ಲಿ ಚೌಕಾಸಿ. ತಲೆಯ ಮೇಲೆ ದೀಪ ಹೊತ್ತು ಮೆರವಣಿಗೆಗೆ ಬೆಳಕು ಕೊಡುವವನ ಮುಖವನ್ನು ಯಾರೂ ನೋಡುವುದಿಲ್ಲ. ವಾಲಗದವರ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. ಪರಂಪರೆಯಾಗಿ ಊದುವ ವೃತ್ತಿಯನ್ನು ಕೀಳೆಂದು ಎಣಿಸಿದ ಜಾತಿಯ ಅಹಂಕಾರವು ಕೇಳುವ ಕಿವಿಯನ್ನು ಇಟ್ಟುಕೊಂಡು ಊದುವ ಬಾಯಿಯನ್ನು ದೂರವಿಟ್ಟಿತು. ಈಗಲಾದರೋ ವಾಹನದ ಮೇಲೆ ಹೇರಿದ ಭಾರಿ ಧ್ವನಿವರ್ಧಕಗಳು ಅವರ ಅನ್ನಕ್ಕೂ ಕಲ್ಲು ಹಾಕುತ್ತಿವೆ. 2020ರ ಮಹಾಮಾರಿಯಲ್ಲಿ ಮದುವೆಗಳು ನಿಂತಾಗ ವಾದ್ಯವನ್ನು ಮೂಲೆಗೆ ಇಟ್ಟು ಬೇರೆ ಕೂಲಿಗೆ ಹೋದವರಲ್ಲಿ ಎಲ್ಲರೂ ಹಿಂದಿರುಗಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಗಿದೆ.

ಯಂತ್ರದ ಶಬ್ದಕ್ಕೂ ಮನುಷ್ಯನ ಉಸಿರಿಗೂ ಇರುವ ಅಂತರವನ್ನು ನಾವು ಆ ಸಭಾಂಗಣದಲ್ಲಿ ಕಂಡೆವು. ಯಂತ್ರವು ಎದುರಿಗಿರುವವರ ಮುಖವನ್ನು ನೋಡಲಾರದು. ವಾದಕನಾದರೆ ಕುಣಿಯುವವನ ಹೆಜ್ಜೆಯನ್ನು ನೋಡಿ ಲಯವನ್ನು ಏರಿಸುತ್ತಾನೆ, ದಣಿವನ್ನು ನೋಡಿ ಇಳಿಸುತ್ತಾನೆ. ನಮ್ಮ ಊರಿನ ವಾಲಗದ ಡೋಲಿನವನೂ ಇದನ್ನೇ ಬಲ್ಲವನು. ಅವನಿಗೆ ಇಲ್ಲದುದು ವಿದ್ಯೆಯಲ್ಲ, ಮರ್ಯಾದೆ.

ಮಾಡತಕ್ಕುದು ದೊಡ್ಡದೇನೂ ಅಲ್ಲ. ಮದುವೆ ಮಾಡುವ ಗೃಹಸ್ಥರು ಧ್ವನಿವರ್ಧಕಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಊರಿನ ವಾದ್ಯಗಾರರಿಗೆ ಮೀಸಲಿಡಲಿ. ಮಾತು ಕೊಟ್ಟ ಸಂಭಾವನೆಯನ್ನು ಚೌಕಾಸಿಯಿಲ್ಲದೆ ಸಲ್ಲಿಸಲಿ. ಅವರನ್ನು ಅತಿಥಿಗಳೊಡನೆ ಕೂರಿಸಿ ಉಣಬಡಿಸಲಿ. ನಗರಸಭೆಗಳು ರಾಜ್ಯೋತ್ಸವದ ಮೆರವಣಿಗೆಗೆ ಊರಿನ ಬ್ಯಾಂಡನ್ನೇ ಕರೆಯಲಿ. ಸಂಗೀತ ಶಾಲೆಗಳು ಕಹಳೆಯನ್ನೂ ಸ್ಯಾಕ್ಸೊಫೋನನ್ನೂ ಕಲಿಸಲು ಹಿಂಜರಿಯದಿರಲಿ. ಪರದೇಶದವರು ಮೆಚ್ಚಿದ ಮೇಲೆ ಮಾತ್ರ ನಮ್ಮದನ್ನು ಮೆಚ್ಚುವ ಅಭ್ಯಾಸವು ದಾಸ್ಯದ ಉಳಿದ ಕಲೆ. 1947ರಲ್ಲಿ ಧ್ವಜವನ್ನು ಬದಲಿಸಿದಷ್ಟು ಸುಲಭವಾಗಿ ಅದು ಅಳಿಯಲಿಲ್ಲ. ಬರುವ ಲಗ್ನದ ತಿಂಗಳಲ್ಲಿ ಒಂದೊಂದು ಚಪ್ಪರದ ಬಳಿಯೂ ಅದನ್ನು ಸ್ವಲ್ಪ ಸ್ವಲ್ಪವಾಗಿ ತೊಳೆಯಲು ನಮ್ಮ ಮಹಾಜನರು ಮನಸ್ಸು ಮಾಡುವರೆಂದು ಹಾರೈಸುತ್ತೇವೆ.